ಅಟ್ಟದ ಮೇಲಿನ ಶ್ರಾವಣ ಶನಿವಾರ

ಹಳೇ ಮನೆಯ ಬಾಗಿಲು ತೆಗೆದರೆ ಮೊದಲು ಬರುವುದು ಹೊಗೆಯ ವಾಸನೆ. ಅರ್ಧ ಒದ್ದೆಯಾದ ಕಾಯಿಸಿಪ್ಪೆ ಉರಿಯದೆ ಒಳಗೊಳಗೇ ಸುಡುವಾಗ ಬರುವ ವಾಸನೆ ಅದು. ಮೂಗಿಗಿಂತ ಮೊದಲು ಗಂಟಲಿಗೆ ಗೊತ್ತಾಗುತ್ತದೆ. ಎದುರಿಗೆ ಹೊಸ ಮನೆ ಕಟ್ಟಿಕೊಂಡ ಮೇಲೆ ಹಳೇ ಮನೆಯಲ್ಲಿ ಕಾಯಿ ಬಿಟ್ಟರೆ ಯಾರೂ ಇಲ್ಲ. ಮೊನ್ನೆ ಶ್ರಾವಣದ ಮಳೆ ಹಿಡಿದುಕೊಂಡಿತು ಅಂತ ನನ್ನ ಗಂಡ ಅಟ್ಟಕ್ಕೆ ಹೊಗೆ ಹಾಕಲು ಹೊರಟರು. "ಕಡ್ಡಿಪೆಟ್ಟಿಗೆ ತಗೊಂಡು ನೀನೂ ಬಾರೇ" ಅಂದರು. ಹೋದೆ. ಹೊಸ್ತಿಲು ದಾಟಿದ್ದೇ ನನ್ನ ಕಾಲು ತಾನಾಗಿ ಏಣಿಯ ಬುಡಕ್ಕೆ ಹೋಗಿ ನಿಂತಿತು. ಕೈ ಏಣಿ ಹಿಡಿದುಕೊಂಡಿತು. ಕಣ್ಣು ಮೇಲಿನ ಕಿಂಡಿಗೆ ಹೋಯಿತು. ಕಿಂಡಿಯಲ್ಲಿ ಯಾರೂ ಇರಲಿಲ್ಲ. ಅವರು ನನ್ನ ಪಕ್ಕದಲ್ಲೇ ಕೂತು ಸಿಪ್ಪೆ ಜೋಡಿಸುತ್ತಿದ್ದರು. ಆದರೂ ನನಗೆ ಅಲ್ಲಿ ಎರಡು ಕಾಲು ನೇತಾಡುತ್ತಿರುವುದು ಕಂಡಿತು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಕಂಡ ಹಾಗೆಯೇ, ಬೆರಳುಗಳು ನಡುಗುತ್ತಾ.

ನಮ್ಮ ಕಡೆ ಬಲಿತ ಕಾಯಿಯನ್ನು ಕಿತ್ತ ತಕ್ಷಣ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಡಗೊಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ಕೊಬ್ಬರಿ ತೆಗೆಯುವುದು. ಅಟ್ಟಕ್ಕೆ ತೆಂಗಿನ ಮರದ ದಬ್ಬೆಗಳನ್ನು ಸಂದು ಬಿಟ್ಟು ಹಾಸಿರುತ್ತಾರೆ, ಗಾಳಿಯಾಡಲಿ ಅಂತ. ಮಳೆಗಾಲದಲ್ಲಿ ಥಂಡಿ ಹಿಡಿಯದಿರಲೆಂದು ಕೆಳಗೆ ಸಿಪ್ಪೆಯ ಹೊಗೆ. ನಮ್ಮ ಹಳೇ ಮನೆಯಲ್ಲಿ ಹೊಗೆ ಹಾಕುವ ಗುಂಡಿ ಏಣಿಯ ಒಂದು ಪಕ್ಕಕ್ಕಿತ್ತು. ಇನ್ನೊಂದು ಪಕ್ಕಕ್ಕೆ, ಸರಿಯಾಗಿ ಕಿಂಡಿಯ ಕೆಳಗೆ, ಕಾಯಿ ಸುಲಿಯುವ ಹಾರೆ ನೆಟ್ಟಿತ್ತು. ಚೂಪು ತುದಿ ಮೇಲೆ. ಮೇಲಿಂದ ಬಿದ್ದ ಕಾಯಿ ಕೈಗೆ ಸಿಗುವಂತೆ ಇರಲಿ ಅಂತ ನನ್ನ ಮಾವನವರ ಕಾಲದಲ್ಲೇ ಅಲ್ಲಿ ನೆಟ್ಟಿದ್ದು. ಯಾರಿಗೂ ಅದು ಅಪಾಯ ಅನ್ನಿಸಿರಲಿಲ್ಲ.

ಆ ವರ್ಷ ಶುರುವಾದದ್ದೇ ಆಸ್ಪತ್ರೆಯಿಂದ. ಬೇಸಿಗೆಯಲ್ಲಿ ಮಾವನವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಬಹಳ ವರ್ಷಗಳ ಸಕ್ಕರೆ ಕಾಯಿಲೆ. ತೋಟದಲ್ಲಿ ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ, ಗಾಯ ಮಾಯಲಿಲ್ಲ. ತಿಪಟೂರಿನ ಆಸ್ಪತ್ರೆಯಲ್ಲಿ ಪಟ್ಟಿ ಬದಲಾಯಿಸುವ ಹೊತ್ತಿಗೆ ಡಾಕ್ಟರಮ್ಮ, ನಮಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾವನನ್ನು ಬಿಟ್ಟು ನನ್ನ ಗಂಡನನ್ನೇ ನೋಡತೊಡಗಿದರು.

"ನೀವು ಮಗ ಅಲ್ವಾ? ಸ್ವಲ್ಪ ಆ ಕಡೆ ತಿರುಗಿ. ಕುತ್ತಿಗೆ ಯಾವಾಗಿಂದ ಹೀಗೆ ಕಪ್ಪಾಗಿದೆ?"

"ಬಿಸಿಲು ಮೇಡಂ, ತೋಟದ ಕೆಲಸ" ಅಂದರು ಇವರು.

ನಾನು ಅದನ್ನು ಕೊಳೆ ಅಂದುಕೊಂಡಿದ್ದೆ. ಭಾನುವಾರ ಭಾನುವಾರ ತೆಂಗಿನ ನಾರು ಕೊಟ್ಟು, ಉಜ್ಜಿಕೊಳ್ಳಿ ಅಂತ ಬೈದಿದ್ದೂ ಉಂಟು. ಬಿ.ಎಸ್ಸಿ. ಓದಿ ಪಕ್ಕದೂರಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು. ಉಜ್ಜಿದರೆ ಹೋಗದ, ಮಖಮಲ್ಲಿನ ಹಾಗೆ ದಪ್ಪಗಾದ ಆ ಕಪ್ಪು, ಮೈಯೊಳಗಿನ ಸುದ್ದಿ ಅಂತ ನನಗೆ ತಿಳಿದದ್ದು ಅವತ್ತೇ. ಸೊಂಟಕ್ಕೆ ಟೇಪು ಸುತ್ತಿದರು, ರಕ್ತ ತೆಗೆದರು. ಮರುದಿನ ಇವರನ್ನು ಕೂರಿಸಿಕೊಂಡು ಹೇಳಿದರು.

"ನಿಮಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಹೊಸ್ತಿಲಲ್ಲಿ ನಿಂತಿದೆ. ತೋಟಕ್ಕೆ ಡ್ರಿಪ್ ಹಾಕಿಸಿದೀರಾ?"

"ಹಾಕ್ಸಿದೀವಿ. ಉಪ್ಪು ನೀರು ಮೇಡಂ, ತೂತು ಕಟ್ಕಂತವೆ."

"ಕಟ್ಟಿಕೊಂಡ್ರೆ ಏನ್ಮಾಡ್ತೀರಿ?"

"ಮೋಟ್ರು ಜಾಸ್ತಿ ಹೊತ್ತು ಓಡುಸ್ತೀವಿ."

"ಅಷ್ಟೇ ನಿಮ್ಮ ಮೈಯೊಳಗೆ ಆಗ್ತಿರೋದು" ಅಂದರು ಡಾಕ್ಟರಮ್ಮ. "ಊಟದ ಸಕ್ಕರೆ ರಕ್ತದಿಂದ ಮಾಂಸಖಂಡಕ್ಕೆ ಹೋಗ್ಬೇಕು. ಹೋಗೋಕೆ ಇನ್ಸುಲಿನ್ ಬೇಕು. ನಿಮ್ಮಲ್ಲಿ ಇನ್ಸುಲಿನ್ ಬೇಕಾದಷ್ಟು ಇದೆ, ಆದರೆ ಮೈ ಅದರ ಮಾತು ಕೇಳ್ತಿಲ್ಲ. ಹೊಟ್ಟೆಯ ಕೊಬ್ಬು, ಕೂತು ಕೂತು ಜಡ್ಡುಗಟ್ಟಿದ ಕಾಲು, ದಿನವಿಡೀ ಸಿಹಿ. ತೂತು ಕಟ್ಟಿಕೊಂಡಿದೆ. ಅದಕ್ಕೆ ಮೇದೋಜೀರಕ ಅನ್ನೋ ಮೋಟಾರು ಜಾಸ್ತಿ ಓಡ್ತಾ ಇದೆ. ವರ್ಷಗಟ್ಟಲೆ ಹಾಗೇ ಓಡಿದ್ರೆ ಒಂದು ದಿನ ಸುಟ್ಟುಹೋಗುತ್ತೆ. ನಿಮ್ಮ ತಂದೆಯವರದು ಹೆಚ್ಚುಕಮ್ಮಿ ಸುಟ್ಟ ಮೋಟಾರು. ನಿಮ್ಮದು ಇನ್ನೂ ಚೆನ್ನಾಗಿದೆ. ನಿಮಗೆ ಈಗ ಮಾತ್ರೆ ಬೇಡ. ತೂತು ಬಿಡಿಸಿಕೊಳ್ಳಿ. ಮೂರು ತಿಂಗಳು ಬಿಟ್ಟು ಬನ್ನಿ, ಮತ್ತೆ ರಕ್ತ ನೋಡ್ತೀನಿ."

ಇವರು ತಲೆಯಾಡಿಸಿದರು. ಆದರೆ ನೋಡುತ್ತಿದ್ದದ್ದು ಮಂಚದ ಮೇಲೆ ಹೊದಿಕೆ ಒಂದು ಕಡೆ ದಿಢೀರನೆ ತಗ್ಗಾದ ಜಾಗವನ್ನು.

ಬಸ್ಸಿನಲ್ಲಿ ಬರುವಾಗ ಜಂಬದಿಂದ ಅಂದರು: "ಕೂತು ಕೂತು ಅಂತಾರಲ್ಲೇ, ನಾನು ರೈತ ಕಣೇ." ಕೀಳುವವರು ಬೇರೆ, ಹೊರುವವರು ಬೇರೆ, ಸುಲಿಯುವವರು ಬೇರೆ. ಇವರು ಬೈಕಿನಲ್ಲಿ ತೋಟಕ್ಕೆ ಹೋಗಿ, ಬೈಕಿನ ಮೇಲೇ ಕೂತು ನೋಡಿಕೊಂಡು, ಬೈಕಿನಲ್ಲೇ ಬರುವವರು. ಯಾರ ತೋಟದ ಮುಂದೆ ನಿಂತರೂ ಒಂದು ಎಳನೀರು ಕೆತ್ತಿ ಕೈಗಿಡುತ್ತಾರೆ. ಬೇಡವೆಂದರೆ ಆ ಮನೆಯವರಿಗೆ ಮುಖ ಮುರಿದ ಹಾಗೆ. ಸುಲಿಯುವ ದಿನಗಳಲ್ಲಂತೂ ಒಡೆದ ಕೊಬ್ಬರಿ ಚೂರಿಗೆ ಬೆಲ್ಲ ನಂಚಿಕೊಂಡು ದವಡೆ ಆಡುತ್ತಲೇ ಇರುತ್ತದೆ. ಅದನ್ನು ಯಾರೂ ತಿಂಡಿ ಅನ್ನುವುದಿಲ್ಲ. ಲೆಕ್ಕಕ್ಕೇ ಇಲ್ಲದ ಊಟ ಅದು.

ಅತ್ತೆ ಸುದ್ದಿ ಕೇಳಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಮುದ್ದೆ ಉಣ್ಣೋರಿಗೆ ಎಲ್ಲೀದಮ್ಮ ಶುಗರ್ರು? ಅನ್ನ ಉಂಡು ಉಂಡು ಹಿಂಗಾಗೈತೆ. ಇನ್ನೊಂದು ಮುದ್ದೆ ಜಾಸ್ತಿ ಕೊಡು, ಅನ್ನ ಬುಡುಸು." ಹಾಗೆ ಅನ್ನ ಹೋಗಿ, ಇದ್ದ ಮುದ್ದೆಯ ಮೇಲೆ ಇನ್ನೊಂದು ಮುದ್ದೆ ಬಂತು. ರಾಗಿ ಅನ್ನಕ್ಕಿಂತ ಒಳ್ಳೆಯದೇ, ಆದರೆ ತೆಂಗಿನಕಾಯಿ ಗಾತ್ರದ ಮುದ್ದೆ ಎರಡು ನುಂಗಿದರೆ ಅದೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ ಅಂತ ನಾನು ಹೇಳಿದೆ. "ಪುಸ್ತಕದೋಳು ನೀನು" ಅಂತ ತಾಯಿ ಮಗ ಇಬ್ಬರೂ ನಕ್ಕರು. ಉಂಡು ಎದ್ದ ಕೂಡಲೇ ಇವರಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಅದೂ ಇದರದೇ ಲಕ್ಷಣವಿರಬಹುದು ಅಂತ ಡಾಕ್ಟರಮ್ಮ ಹೇಳಿದ್ದರು. ನಡೆಯಿರಿ ಅಂದರೆ, ತೋಟದಲ್ಲಿ ಸುಮ್ಮನೆ ನಡೆದರೆ ಜನ ಏನಂದಾರು ಅನ್ನುವರು.

ಮೂರು ತಿಂಗಳು ಮುಗಿಯುತ್ತಾ ಬಂದ ಹಾಗೆ ಇವರ ನಗು ಹೋಯಿತು. ಹುಳಿಯಾರಿನಲ್ಲಿ ಯಾರದೋ ಮೆಡಿಕಲ್ ಅಂಗಡಿಯಲ್ಲಿ ಬೆರಳು ಚುಚ್ಚಿಸಿಕೊಂಡು ಬಂದರು; ಹೊಸ್ತಿಲಲ್ಲಿದ್ದದ್ದು ಒಳಗೆ ಒಂದು ಕಾಲಿಟ್ಟಿತ್ತು. ಅವತ್ತಿನಿಂದ ಮಾತು ಕಡಿಮೆಯಾಯಿತು. ಮಾವನ ಮೋಟುಗಾಲಿನ ಪಟ್ಟಿ ಬಿಚ್ಚಿ ಕಟ್ಟುವ ಕೆಲಸ ಇವರದೇ. ದಿನಾ ಬೆಳಿಗ್ಗೆ ಬಿಸಿನೀರು, ಹತ್ತಿ, ಔಷಧಿ. ಕಟ್ಟಿ ಮುಗಿಸಿದ ಮೇಲೆ ತಮ್ಮ ಬಲಗಾಲಿನ ಮೀನಖಂಡವನ್ನು ತಾವೇ ಒಂದು ಸಲ ಹಿಡಿದು ನೋಡಿಕೊಳ್ಳುವುದನ್ನು ನಾನು ಅಡುಗೆಮನೆಯಿಂದ ಕಂಡಿದ್ದೇನೆ. ಮಾವನ ಮಾತ್ರೆಗಳು ಅಲ್ಲೇ ಕಿಟಕಿಯಲ್ಲಿರುತ್ತಿದ್ದವು.

ಶ್ರಾವಣ ಬಂತು. ಶನಿವಾರಗಳಲ್ಲಿ ನಮ್ಮ ಮನೆಯಲ್ಲಿ ಗಂಡಸರು ನಾಮ ಇಟ್ಟು, ಮಡಿ ಉಟ್ಟು, ಗೋವಿಂದ ಅನ್ನುತ್ತಾ ಮನೆಮನೆಗೆ ಹೋಗಿ ಪಡಿ ಅಕ್ಕಿ ತರುತ್ತಾರೆ. ಆ ಅಕ್ಕಿಯಲ್ಲೇ ಎಡೆ. ಪೂಜೆಯಾಗಿ ಎಡೆ ಇಡುವ ತನಕ ಬಾಯಿಗೆ ನೀರು ಬಿಟ್ಟು ಏನೂ ಬೀಳಕೂಡದು. ಚಿಕ್ಕಂದಿನಿಂದ ನಡೆದು ಬಂದದ್ದು. ಇವರು ಒಂದು ಶ್ರಾವಣವನ್ನೂ ತಪ್ಪಿಸಿದವರಲ್ಲ. ಮುಂದಿನ ಸೋಮವಾರ ಆಸ್ಪತ್ರೆಗೆ ಹೋಗಬೇಕಿತ್ತು.

ಆ ಶನಿವಾರ ಬೆಳಗಿನಿಂದ ಜಡಿಮಳೆ. ಪಡಿ ಮುಗಿಸಿಕೊಂಡು ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಜೊತೆಯಲ್ಲಿ ಪಕ್ಕದ ಮನೆಯ ಗಂಗಣ್ಣ ಮತ್ತು ನಾಲ್ಕಾರು ಜನ. ಇವರ ಮುಖ ಬಿಳಿಚಿಕೊಂಡಿದೆ ಅನ್ನಿಸಿತು. ಮಳೆಯಲ್ಲಿ ನೆನೆದಿದ್ದಾರೆ ಅಂದುಕೊಂಡೆ. ಅಕ್ಕಿ ಒಳಗಿಟ್ಟು ಹೊರಬರುವಷ್ಟರಲ್ಲಿ ಅತ್ತೆ ಕೂಗಿದರು: "ರಂಗಾ, ಅಟ್ಟದ ಮ್ಯಾಲೆ ಹೆಂಚು ಜಾರೈತೆ ಕಣಪ್ಪ, ಸೋರ್ತಾ ಐತೆ. ಕಾಯಿ ನೆಂದ್ರೆ ಕೊಳ್ತೋಯ್ತವೆ."

"ಎಡೆ ಆಗೋದ್ರಲ್ಲಿ ಇಳ್ದು ಬತ್ತೀನಿ ಬುಡು" ಅಂತ ಒದ್ದೆ ಪಂಚೆಯಲ್ಲೇ ಏಣಿ ಹತ್ತಿದರು.

ನಾನು ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟಿದ್ದೆ. ಮೇಲೆ ಕಾಯಿ ಉರುಳಿಸುವ ಸದ್ದು ಕೇಳುತ್ತಿತ್ತು. ಸೋರುವ ಕಡೆಯಿಂದ ಒಣ ಕಡೆಗೆ ತಳ್ಳುತ್ತಿದ್ದರು. ಗೊಡಗೊಡ, ಗೊಡಗೊಡ. ಆ ಸದ್ದು ಕಿವಿಗೆ ಎಷ್ಟು ಒಗ್ಗಿಹೋಗಿರುತ್ತದೆಂದರೆ, ಇದ್ದಾಗ ಕೇಳಿಸುವುದಿಲ್ಲ, ನಿಂತಾಗ ಕೇಳಿಸುತ್ತದೆ. ನಿಂತಿತು. ಆಮೇಲೆ ಒಂದು ಕಾಯಿ ಕಿಂಡಿಯಿಂದ ಕೆಳಗೆ ಬಿತ್ತು. ಇನ್ನೊಂದು. ಬೀಳಿಸುವ ಕಾರಣವಿರಲಿಲ್ಲ. ನಾನು ಸೌಟು ಹಿಡಿದುಕೊಂಡೇ ಬಂದೆ.

ಅವರು ಕಿಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಹೊಗೆಯ ನಡುವೆ ಮೊದಲು ಕಂಡದ್ದು ಕಾಲು. ಬೆರಳುಗಳು ನಡುಗುತ್ತಿದ್ದವು. ಮೇಲೆ ನೋಡಿದರೆ ಮೈಯೆಲ್ಲ ಬೆವರು, ಹಣೆಯ ನಾಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ.

"ರೀ, ಇಳೀರಿ" ಅಂದೆ.

"ತೂತು" ಅಂದರು. "ತೂತು ಬುಡುಸ್ಬೇಕು. ನೀರು ಬತ್ತಾ ಇಲ್ಲ. ಯಾವನ್ಲಾ ಅವನು, ಗೇಟ್ವಾಲ್ ಮುಚ್ಚಿದೋನು."

ನಾಲಗೆ ತೊದಲುತ್ತಿತ್ತು. ಮೈ ಮುಂದಕ್ಕೆ ವಾಲಿತು. ಕೆಳಗೆ ಹಾರೆ.

ಗಂಗಣ್ಣ, ಉಳಿದವರು ಬಂದು ಸುತ್ತ ನಿಂತರು. ಯಾರೋ ಗೋವಿಂದಾ ಅಂದರು. ನಾನು ಏಣಿಗೆ ಕಾಲಿಟ್ಟರೆ ಗಂಗಣ್ಣ ಕೈ ಅಡ್ಡ ಹಿಡಿದ. "ತಡೀರಿ ಪದ್ಮಕ್ಕ, ಮುಟ್‌ಬ್ಯಾಡ್ರಿ. ಮಡೀಲವ್ರೆ. ಮೈಮ್ಯಾಲೆ ಬಂದೈತೆ, ಕಾಣಲ್ವಾ?"

ಅತ್ತೆ ಬಂದು ನೋಡಿ ಅಲ್ಲೇ ಕೈ ಮುಗಿದರು. ಅವರ ತವರಿನಲ್ಲಿ ದೊಡ್ಡಪ್ಪನ ಮೇಲೆ ದೇವರು ಬರುತ್ತಿತ್ತಂತೆ. ಹೀಗೇ ಬೆವರುತ್ತಿದ್ದನಂತೆ, ಹೀಗೇ ನಡುಗುತ್ತಿದ್ದನಂತೆ, ಹೀಗೇ ತಲೆಬುಡವಿಲ್ಲದ ಮಾತು. ನಾಮ, ಮಡಿ, ಉಪವಾಸ, ಶನಿವಾರ. ಅವರ ಜಾಗದಲ್ಲಿ ನಿಂತು ನೋಡಿದರೆ ಬೇರೆ ಏನು ಕಾಣಬೇಕಿತ್ತು ಅಂತ ಈಗಲೂ ಕೇಳಿಕೊಳ್ಳುತ್ತೇನೆ.

"ಏನ್ ತಪ್ಪಾಯ್ತು ಹೇಳಪ್ಪ ಸ್ವಾಮಿ" ಅಂದರು ಅತ್ತೆ. "ಯಾವ ನೀರು, ಯಾವ ತೂತು? ಬುಡುಸಿ ಹೇಳು, ನಡ್ಸಿಕೊಡ್ತೀವಿ."

"ಮೋಟ್ರು ಆಫ್ ಮಾಡ್ರಿ" ಅಂದರು ಮೇಲಿಂದ.

ಗುಂಪಿನಲ್ಲಿ ಒಬ್ಬ ನಿಜವಾಗಿಯೂ ಮೋಟಾರು ಆಫ್ ಮಾಡಲು ಓಡಿದ.

ನನಗೆ ದೇವರು ಅನ್ನಿಸಲಿಲ್ಲ, ಆದರೆ ಏನೆಂದು ತಿಳಿಯಲಿಲ್ಲ. ಹೃದಯ ಇರಬಹುದು, ಲಕ್ವ ಇರಬಹುದು. ಸಕ್ಕರೆ ಕಡಿಮೆಯಾಗಿರಬಹುದು ಅಂತ ಒಂದು ಕ್ಷಣ ಹೊಳೆದು, ಇರಲಾರದು ಅಂತ ನಾನೇ ತಳ್ಳಿಹಾಕಿದೆ. ಸಕ್ಕರೆ ಹೆಚ್ಚಿರುವವರು ಇವರು, ಮಾತ್ರೆಯೂ ಇಲ್ಲ, ಒಂದು ಹೊತ್ತಿನ ಉಪವಾಸಕ್ಕೆ ಹೀಗಾಗುವುದಿಲ್ಲ. ಓದಿದ್ದು ಅಷ್ಟು ಸರಿಯಾಗಿ ನೆನಪಿದ್ದದ್ದೇ ಅವತ್ತು ನನ್ನನ್ನು ಕಟ್ಟಿಹಾಕಿತು. ಗೋಣಿಚೀಲಗಳನ್ನು ಎಳೆದು ಹಾರೆಯ ತುದಿಗೆ ಹೊದಿಸಿದೆ. ಮೊದಲ ಚೀಲವನ್ನೇ ತುದಿ ತೂತು ಮಾಡಿಕೊಂಡು ಮೇಲೆ ಬಂತು. ಇನ್ನೊಂದು ಹಾಕಿದೆ. ಮೇಲಿನಿಂದ ಬೆವರಿನ ಹನಿಯೊಂದು ನನ್ನ ಕೈಮೇಲೆ ಬಿತ್ತು. ತಣ್ಣಗಿತ್ತು. ಹೊಗೆಯ ಅಷ್ಟು ಬಿಸಿಯಲ್ಲಿ ಅದು ತಣ್ಣಗಿತ್ತು.

ಆಗ ಜಗಲಿಯಿಂದ ಮಾವನ ದನಿ. ಊರುಗೋಲಿಲ್ಲದೆ ಏಳಲಾರದವರು, ಮಂಚದ ಮೇಲಿಂದಲೇ ಕೂಗಿದರು. "ಏನಾಗೈತ್ರಲೇ ಅಲ್ಲಿ?"

"ರಂಗಣ್ಣನ ಮೈಮ್ಯಾಲೆ ಸ್ವಾಮಿ ಬಂದವ್ನೆ" ಅಂದ ಗಂಗಣ್ಣ.

"ಬೆವುರ್ತಾವ್ನಾ?"

"ಹೂಂ, ಧಾರಾಕಾರ."

"ನಡುಗ್ತಾವ್ನಾ? ಮಾತು ತೊದಲ್ತೈತಾ?"

"ಹೂಂ ಕಣಣ್ಣ."

ಆಮೇಲೆ ಮಾವ ಕೂಗಿದ್ದು ನನ್ನ ಹೆಸರು ಹಿಡಿದು. "ಪದ್ಮಾ, ಸ್ವಾಮಿನೂ ಅಲ್ಲ ಗೀಮಿನೂ ಅಲ್ಲ. ನನ್ ಮಾತ್ರೆ ನುಂಗವ್ನೆ ಕಣವ್ವ ಅವನು. ಶೀಟ್ನಲ್ಲಿ ಕಮ್ಮಿ ಆಗ್ತಾನೇ ಇದ್ವು, ಇಲಿ ಎಳ್ಕೊಂಡೋಯ್ತಾವೇನೋ ಅಂದ್ಕೊಂಡಿದ್ದೆ. ನಂಗೂ ಎರಡು ಸಾರಿ ಹಿಂಗೇ ಆಗೈತೆ. ಬೆಲ್ಲ ಕೊಡು, ಬ್ಯಾಗ ಬೆಲ್ಲ ಕೊಡು."

ಊಟಕ್ಕೆ ಮುಂಚೆ ನುಂಗುವ ಮಾತ್ರೆ ಅದು. ಊಟವೇ ಇಲ್ಲದ ದಿನ ನುಂಗಿದ್ದರು.

ಕೈಗೆ ಹತ್ತಿರವಿದ್ದ ಸಿಹಿ ದೇವರ ಕೋಣೆಯಲ್ಲಿತ್ತು. ಎಡೆಗೆಂದು ಮಾಡಿದ ಬೆಲ್ಲದ ಪಾನಕ, ಹಿತ್ತಾಳೆ ಚೊಂಬಿನಲ್ಲಿ. ಹೋಗಿ ಎತ್ತಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಎಡೆ ಆಗಿಲ್ಲ ಕಣೇ" ಅಂದರು. ಸಿಟ್ಟಿನಿಂದಲ್ಲ. ಬೇಡಿಕೊಳ್ಳುವ ಹಾಗೆ. "ಸ್ವಾಮಿಗೇ ಇಟ್ಟಿಲ್ಲ. ಅದುನ್ನ ಎಂಜಲು ಮಾಡುದ್ರೆ ಅವನ ಮ್ಯಾಲೇ ಬತ್ತದೆ."

"ಅತ್ತೆ, ಮಾವ ಹೇಳಿದ್ದು ಕೇಳಿಸ್ತಲ್ಲ."

"ಸ್ವಾಮಿನೇ ಆಗಿದ್ರೆ?"

ಹೊರಗೆ ಇನ್ನೊಂದು ಕಾಯಿ ಬಿತ್ತು, ಹಾರೆಯ ಮೇಲೆ ಬಿದ್ದಿರಬೇಕು, ಚಿಪ್ಪು ಸೀಳಿದ ಸದ್ದು ಮನೆಯೆಲ್ಲ ಕೇಳಿಸಿತು. ಅತ್ತೆಯ ಮುಖ ನನ್ನ ಕಣ್ಣೆದುರೇ ಬದಲಾಯಿತು. ಚೊಂಬನ್ನು ನನ್ನ ಕೈಯಿಂದ ಕಿತ್ತುಕೊಂಡು, ಹಿಂದಕ್ಕಿಡುತ್ತಾರೆ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ, ಏಣಿಯ ಬುಡಕ್ಕೆ ಹೋಗಿ ನಿಂತರು. "ನೀನು ಹತ್ತು" ಅಂದರು. "ನಾನು ಕೊಡ್ತೀನಿ. ಸ್ವಾಮಿನೇ ಆಗಿದ್ರೂ ಕುಡೀಲಿ. ಅವನಿಗೂ ಹೊಟ್ಟೆ ಹಸ್ದಿರ್ತದೆ." ಅಡುಗೆಮನೆಯಿಂದ ಬೆಲ್ಲದ ಅಚ್ಚು ತರಿಸಿ ನನ್ನ ಸೊಂಟಕ್ಕೆ ಸಿಕ್ಕಿಸಿದವರೂ ಅವರೇ.

ಹತ್ತಿದೆ. ಗಂಗಣ್ಣನ ಕೈ ಅಡ್ಡ ಬರಲಿಲ್ಲ. ಅವನೇ ಏಣಿ ಹಿಡಿದ. ಅವರ ಮೊಣಕಾಲ ಮಟ್ಟಕ್ಕೆ ಬಂದೆ. ಎಡಗೈ ಅವರ ಎದೆಗೆ ಒತ್ತಿ ಹಿಂದಕ್ಕೆ ನೂಕಿ ಹಿಡಿದು ಚೊಂಬು ತುಟಿಗೆ ಇಟ್ಟರೆ ಮುಖ ತಿರುಗಿಸಿದರು. ಪಾನಕ ಕತ್ತಿನ ಮೇಲೆ ಚೆಲ್ಲಿತು. "ಎಡೆ ಆಗಿಲ್ಲ" ಅಂದರು, ತೊದಲುತ್ತಾ. ಅಷ್ಟು ಮಾತ್ರ ತಲೆಯಲ್ಲಿ ಉಳಿದಿತ್ತು.

"ಎಡೆ ಆಯ್ತು ಕಣ್ಲಾ ರಂಗಾ" ಅಂತ ಕೆಳಗಿಂದ ಅತ್ತೆ ಕೂಗಿದರು. "ಆಗೋಯ್ತು. ಕುಡಿ ಮಗ."

ಅತ್ತೆ ದೇವರ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಒಂದು ಗುಟುಕು ಹೋಯಿತು. ಗಂಟಲು ಆಡಿದ್ದು ನೋಡಿ ಇನ್ನೊಂದು ಕೊಟ್ಟೆ. ಹಲ್ಲಿಗೆ ಚೊಂಬಿನ ಅಂಚು ಟಕಟಕ ತಾಗುತ್ತಿತ್ತು. ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ ಅಂತ ಆಮೇಲೆ ಡಾಕ್ಟರಮ್ಮ ಹೇಳಿದರು. ಇವರು ಇನ್ನೂ ನುಂಗುತ್ತಿದ್ದದ್ದೇ ನಮ್ಮ ಪುಣ್ಯ. ಚೊಂಬು ಕೆಳಗೆ ಕೊಟ್ಟು, ಬೆಲ್ಲದ ಚೂರು ಕೆನ್ನೆಯ ಒಳಕ್ಕೆ ಒತ್ತಿದೆ. ಅವರು ನನ್ನ ಬೆರಳು ಕಚ್ಚಿದರು. ಆ ಗುರುತು ಬಹಳ ದಿನ ಇತ್ತು.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ನನ್ನ ಅಂಗೈಗೆ ಅವರ ಎದೆ ಕುದುರೆಯ ಹಾಗೆ ಓಡುತ್ತಿರುವುದು ತಿಳಿಯುತ್ತಿತ್ತು. ಅದು ನಿಧಾನವಾಯಿತು. ಕಣ್ಣು ನನ್ನ ಮುಖದ ಮೇಲೆ ಬಂದು ನಿಂತಿತು.

"ಸೌಟು ಯಾಕೆ ಸಿಕ್ಕಿಸ್ಕೊಂಡಿದೀಯೇ?" ಅಂದರು.

ಸೊಂಟದ ಸೆರಗಿಗೆ ಯಾವಾಗ ಸಿಕ್ಕಿಸಿಕೊಂಡಿದ್ದೆನೋ, ಸೌಟು ಅಲ್ಲೇ ಇತ್ತು. ಕೆಳಗೆ ಯಾರೋ ನಕ್ಕರು. ನನಗೆ ಅಳು ಬಂತು.

ಇಳಿಸಿ ಜಗಲಿಯಲ್ಲಿ ಕೂರಿಸಿ ಅನ್ನ ಉಣ್ಣಿಸಿದೆವು. ಉಂಡು ಸರಿಹೋದರು. ಪೂಜೆಗೆ ಏಳುತ್ತೇನೆ, ಆಸ್ಪತ್ರೆ ಗೀಸ್ಪತ್ರೆ ಬೇಡ, ಸೋಮವಾರ ಹೇಗೂ ಹೋಗೋದಿದೆ ಅಂದರು. ಎಲ್ಲರಿಗೂ ಅದೇ ಸರಿ ಅನ್ನಿಸಿತು. ನಾನು ಡಾಕ್ಟರಮ್ಮನ ನಂಬರಿಗೆ ಫೋನು ಮಾಡಿ ಮಾತ್ರೆಯ ಹೆಸರು ಓದಿ ಹೇಳಿದೆ. "ಈಗಲೇ ಹೊರಡಿ" ಅಂದರು. "ಆ ಮಾತ್ರೆ ಒಂದು ಸಲ ನುಂಗಿದ್ರೆ ದಿನವಿಡೀ ಕೆಲಸ ಮಾಡುತ್ತೆ. ಬೆಲ್ಲ ಕರಗಿದ ಮೇಲೆ ಮತ್ತೆ ಇಳಿಯುತ್ತೆ. ದಾರಿಯಲ್ಲಿ ಕೊಡೋಕೆ ಸಿಹಿ ಇಟ್ಕೊಳ್ಳಿ."

ಗಂಗಣ್ಣನ ಕಾರಿನಲ್ಲಿ ಹೊರಟೆವು. ಮಳೆ ನಿಂತಿರಲಿಲ್ಲ. ಇವರು ದಾರಿಯುದ್ದಕ್ಕೂ ನನ್ನನ್ನು ಆಡಿಕೊಳ್ಳುತ್ತಿದ್ದರು, "ಏನೂ ಇಲ್ದೋನ್ನ ಪೇಷಂಟ್ ಮಾಡಿದಳು ಕಣ್ಲಾ ಗಂಗಾ" ಅಂತ. ತಿಪಟೂರು ಹತ್ತಿರವಾದಂತೆ ಮಾತು ನಿಂತಿತು. ನೋಡಿದರೆ ಹಣೆಯಲ್ಲಿ ಮತ್ತೆ ಬೆವರು. ಕಿಟಕಿಯ ಹೊರಗೆ ಕೈ ತೋರಿಸಿ "ತೂತು" ಅಂದರು. ನಾನು ಬೆಲ್ಲದ ಅಚ್ಚನ್ನು ಹಲ್ಲಿನಲ್ಲಿ ಒಡೆದೆ. ಗಂಗಣ್ಣ ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಮರುದಿನ ಮಧ್ಯಾಹ್ನದ ತನಕ ಗ್ಲೂಕೋಸು ಹನಿಯುತ್ತಿತ್ತು. ಗಂಟೆಗಂಟೆಗೂ ಬೆರಳು ಚುಚ್ಚುತ್ತಿದ್ದರು. ಡಾಕ್ಟರಮ್ಮ ಬೈಯುತ್ತಾರೆ ಅಂತ ಕಾದಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಯಾಕೆ ನುಂಗಿದ್ರಿ?"

"ಸೋಮವಾರದ ಟೆಸ್ಟಲ್ಲಿ ಕಮ್ಮಿ ಬರ್ಲಿ ಅಂತ" ಅಂದರು ಇವರು. ಸ್ವಲ್ಪ ತಡೆದು, "ಕಾಲು ಹೋಗ್ಬಾರ್ದು ಅಂತ" ಅಂದರು.

"ನಿಮ್ಮ ಟೆಸ್ಟು ಮೂರು ತಿಂಗಳ ಸರಾಸರಿ ಹೇಳುತ್ತೆ. ಕೆಲವು ದಿನ ಮಾತ್ರೆ ನುಂಗಿದ್ರೆ ಅದು ಮೋಸಹೋಗಲ್ಲ" ಅಂದರು. "ಆ ಮಾತ್ರೆ ಮಾಡೋದು ಏನು ಗೊತ್ತಾ? ಮೋಟಾರನ್ನ ಇನ್ನೂ ಜೋರಾಗಿ ಓಡಿಸೋದು. ನಿಮ್ಮದು ಮೊದಲೇ ಜಾಸ್ತಿ ಓಡ್ತಿರೋ ಮೋಟಾರು. ಅದರ ಮೇಲೆ ಇದು, ಮೇಲಿಂದ ಖಾಲಿ ಹೊಟ್ಟೆ. ಬಾವಿಯಲ್ಲಿ ನೀರಿಲ್ಲ, ಮೋಟಾರು ಎಳೀತಾನೇ ಇದೆ. ನಿಮ್ಮ ತಂದೆಗೆ ಔಷಧಿ ಆಗಿದ್ದು ನಿಮಗೆ ಔಷಧಿ ಅಲ್ಲ."

ಸಂಜೆ ಬಿಡುಗಡೆಯಾಗಿ ಬರುವಾಗ ಗೇಟಿನಿಂದ ಬಸ್‌ ಸ್ಟ್ಯಾಂಡಿನ ತನಕ ಆಟೋ ಬೇಡ, ನಡೆಯೋಣ ಅಂದರು ಇವರು.

ಅಲ್ಲಿಂದ ಮುಂದಿನದು ಹೇಳಿಕೊಳ್ಳುವಂಥ ಕಥೆಯಲ್ಲ, ಆದರೆ ಉಳಿಸಿದ್ದು ಅದೇ. ಮುದ್ದೆ ಒಂದಾಯಿತು, ಆ ಒಂದೂ ಕಿತ್ತಳೆ ಗಾತ್ರಕ್ಕೆ ಬಂತು. ಮೊದಲು ಸೊಪ್ಪಿನ ಪಲ್ಯ, ಮೊಳಕೆ ಹುರುಳಿ, ಮೊಟ್ಟೆ, ಮುದ್ದೆ ಕೊನೆಗೆ. ಕಾಫಿಯ ಸಕ್ಕರೆ ಹೋಯಿತು; ಸಕ್ಕರೆಯ ಬದಲು ಬೆಲ್ಲ ಅನ್ನುವ ಮೋಸವೂ ಹೋಯಿತು. ಕೊಬ್ಬರಿ ಚೂರು ಉಳಿಯಿತು, ಬೆಲ್ಲ ಬಿಟ್ಟು. ಉಂಡ ಮೇಲೆ ತೋಟದ ಸಾಲಿನಲ್ಲಿ ಒಂದು ಸುತ್ತು. ಬೈಕು ಮನೆಯಲ್ಲೇ. ಸುಲಿಯುವವರ ಪಕ್ಕದಲ್ಲಿ ತಾವೂ ಒಂದು ಹಾರೆ ಹಿಡಿದರು, ಬೆವರುವ ಕೆಲಸ ಬೇಕು ಅಂತ. ರಾತ್ರಿ ಟೀವಿ ಮುಂದೆ ಕೂರುವುದು ನಿಂತು ಹೊತ್ತಿಗೆ ನಿದ್ದೆ ಬಂತು. ಎಳನೀರಿನದೇ ಕಷ್ಟವಾಯಿತು. ಡಾಕ್ಟರಮ್ಮ ಅದು ವಿಷವಲ್ಲ, ಯಾವಾಗಲೋ ಒಂದಾದರೆ ಸರಿ ಅಂದಿದ್ದರು. ಆದರೆ ನಾಲ್ಕು ತೋಟದವರು ನಾಲ್ಕು ಕೆತ್ತಿದರೆ? ಒಂದು ದಿನ ಒಬ್ಬರು ಕೆತ್ತಿದ್ದನ್ನು ಇವರು ಈಸಿಕೊಂಡು, ಅಲ್ಲೇ ಕೂತಿದ್ದ ಕೀಳುವವನ ಕೈಗೆ ಕೊಟ್ಟರು. "ನನ್ನ ಪಾಲಿಂದು ಇವ್ನು ಕುಡೀಲಿ" ಅಂದರು. ಆ ಮನೆಯವರು ಕೆಲವು ದಿನ ಮಾತು ಬಿಟ್ಟರು, ಆಮೇಲೆ ತಮ್ಮ ಮಗನನ್ನೂ ಸೊಂಟ ಅಳೆಸಲು ತಿಪಟೂರಿಗೆ ಕರೆದುಕೊಂಡು ಹೋದರು.

ಸೊಂಟ ಇಳಿಯಿತು, ನಿಧಾನಕ್ಕೆ. ಹೊಸ್ತಿಲು ದಾಟಿದ್ದ ಕಾಲು ಹಿಂದಕ್ಕೆ ಬಂತು ಅಂದರು ಡಾಕ್ಟರಮ್ಮ, ಮತ್ತೆ ಬರಬಹುದು, ಬಿಡಬೇಡಿ ಅಂತಲೂ. ಕುತ್ತಿಗೆಯ ಕಪ್ಪು ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಭಾನುವಾರ ಅದನ್ನು ನಾರಿನಿಂದ ಉಜ್ಜುವುದಿಲ್ಲ, ಸುಮ್ಮನೆ ಬೆರಳಾಡಿಸಿ ನೋಡುತ್ತೇನೆ. ಮಾವನ ಮಾತ್ರೆಗಳು ಈಗ ಅವರ ದಿಂಬಿನ ಕೆಳಗೆ, ಡಬ್ಬಿಯಲ್ಲಿ. "ನನ್ ಆಸ್ತೀಲಿ ಅದೊಂದು ಮಾತ್ರ ಅವನಿಗೆ ಕೊಡಲ್ಲ" ಅನ್ನುತ್ತಾರೆ. ಅತ್ತೆ ಶ್ರಾವಣದ ಉಪವಾಸ ಬಿಡಿಸಲಿಲ್ಲ. ಪೂಜೆಯನ್ನೇ ಬೆಳಿಗ್ಗೆ ಹೊತ್ತಿಗೆ ಮುಂಚೆ ಮಾಡಿ, ಉಣ್ಣಿಸಿ, ಆಮೇಲೆ ಪಡಿಗೆ ಕಳಿಸುತ್ತಾರೆ. ಕೇಳಿದವರಿಗೆ ಸ್ವಾಮಿಯೇ ಹಾಗೆ ಹೇಳಿದ ಅನ್ನುತ್ತಾರೆ. ಅವತ್ತಿನ ಸುಳ್ಳಿನ ಮಾತು ನಾವಿಬ್ಬರೂ ಎತ್ತಿಲ್ಲ.

ಹಾರೆ ಕಿತ್ತು ಹೊರಗೆ ನೆಟ್ಟಿದ್ದೇವೆ. ಅದಿದ್ದ ಜಾಗಕ್ಕೆ ಸಿಮೆಂಟು ಬಳಿದ ಗುಂಡನೆಯ ಗುರುತಿದೆ. ನಾನು ಅದರ ಮೇಲೆ ಕಾಲಿಡುವುದಿಲ್ಲ.

ಮೊನ್ನೆ ಸಿಪ್ಪೆಗೆ ಬೆಂಕಿ ಹಿಡಿಸಿ, ಹೊಗೆ ಏಳುವಂತಾದ ಮೇಲೆ, ಅವರು ಹೆಂಚು ನೋಡಿ ಬರುತ್ತೇನೆ ಅಂತ ಏಣಿ ಹತ್ತಿದರು. "ಉಂಡಿದೀನಿ ಕಣೇ, ಹಂಗ್ ನೋಡ್ಬ್ಯಾಡ" ಅಂದರು ನಡುವೆ ನಿಂತು. ನಾನು ಏಣಿ ಹಿಡಿದುಕೊಂಡು ನಿಂತೆ. ಮೇಲೆ ಕಾಯಿ ಉರುಳುವ ಸದ್ದು. ಗೊಡಗೊಡ, ಗೊಡಗೊಡ. ಆಮೇಲೆ ನಿಂತಿತು.

ಹೊಗೆ ದಬ್ಬೆಗಳ ಸಂದಿನಲ್ಲಿ ಮೇಲೇರುತ್ತಿತ್ತು. ನಾನು ಕಾದೆ. ಇನ್ನೂ ಸದ್ದಿಲ್ಲ.

"ಏನ್ರೀ" ಅಂತ ಕೂಗಿದೆ.

"ಇದೀನಿ ಕಣೇ" ಅಂತ ಬಂತು ಮೇಲಿಂದ. "ಕಾಯಿ ಎಣಿಸ್ತಿದ್ದೆ. ನೀನ್ ಕೂಗಿದ್ದಕ್ಕೆ ಮರ್ತೋಯ್ತು ನೋಡು. ಮೊದ್ಲಿಂದ ಎಣಿಸ್ಬೇಕು."

ಎಣಿಸಲಿ. ಅರ್ಧಕ್ಕೆ ಬರುವಷ್ಟರಲ್ಲಿ ನಾನು ಮತ್ತೆ ಕೂಗಿದೆ.